ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯಬಹುದೇ? ನನಗೆ ಈಜು ಚೆನ್ನಾಗಿ ಬರುತ್ತದೆ

ನೀವು ಕೇಳಿರುವುದು ಇಷ್ಟು: ಹೊಸದಾಗಿ ಚಳಿ ದೇಶಕ್ಕೆ ಹೋಗಿದ್ದೀರಿ, ಹತ್ತಿರದ ಕೆರೆ ಹೆಪ್ಪುಗಟ್ಟಿದೆ, ಗೆಳೆಯರು ಅದರ ಮೇಲೆ ಓಡಾಡುತ್ತಿದ್ದಾರೆ, ನೀವೂ ಹೋಗಬಹುದಾ, ಐಸ್ ಎಷ್ಟು ದಪ್ಪ ಇರಬೇಕು ಅಂತ. ಕೊನೆಗೆ ಒಂದು ಮಾತು ಸೇರಿಸಿದ್ದೀರಿ, ‘ಒಡೆದರೂ ಭಯವಿಲ್ಲ, ನನಗೆ ಈಜು ಬರುತ್ತೆ.’ ನನಗೆ ಭಯವಾಗಿದ್ದು ಆ ಕೊನೆಯ ಮಾತು ಓದಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನೂ ಅಂಥ ಕಡೆ ಕೆಲವು ವರ್ಷ ಇದ್ದವನು. ಎರಡನೇ ಚಳಿಗಾಲದಲ್ಲಿ, ದಡದಿಂದ ನಾಲ್ಕೇ ಹೆಜ್ಜೆ ದೂರ, ಜೊಂಡು ಬೆಳೆದಿದ್ದ ಜಾಗದಲ್ಲಿ ಕಾಲ ಕೆಳಗಿನ ಐಸ್ ಒಡೆಯಿತು. ನೀರು ಎದೆಮಟ್ಟ ಅಷ್ಟೇ. ಮುಳುಗುವ ಪ್ರಶ್ನೆಯೇ ಇರಲಿಲ್ಲ. ಆದರೂ ನಾನು ಬೇಡ ಅಂದರೂ ಉಸಿರು ಗಬಕ್ಕನೆ ಒಳಗೆ ಹೋಯಿತು. ಆಮೇಲೆ ನಿಲ್ಲದ ಏದುಸಿರು. ಕೂಗೋಣ ಅಂತ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಆ ಮೊದಲ ಉಸಿರಿನ ಹೊತ್ತಿಗೆ ತಲೆಯೂ ನೀರೊಳಗೆ ಇದ್ದಿದ್ದರೆ ಒಳಗೆ ಹೋಗುತ್ತಿದ್ದದ್ದು ಗಾಳಿಯಲ್ಲ, ನೀರು. ಈಜು ನನಗೂ ಬರುತ್ತೆ ಸ್ವಾಮಿ.

ಇದನ್ನು ಕೋಲ್ಡ್ ಶಾಕ್ ಅನ್ನುತ್ತಾರೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ಕೊರೆಯುವ ನೀರಿಗೆ ಇಳಿದು ಇದನ್ನು ಅಭ್ಯಾಸ ಮಾಡಿದವರು. ಅವರು ಹೇಳಿಕೊಡುವ ಲೆಕ್ಕ 1-10-1. ಉಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ನಿಮ್ಮ ಮಾತು ಕೇಳುವುದು ಸುಮಾರು 10 ನಿಮಿಷ. ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ. ಚಳಿಗೆ ಮೈ ಮರಗಟ್ಟಿ ಸಾಯುತ್ತಾರೆ ಅಂತ ಅಂದುಕೊಂಡಿರುತ್ತೇವೆ, ಅಲ್ವಾ? ಎಷ್ಟೋ ಜನರ ಕಥೆ ಆ ಗಂಟೆಯವರೆಗೆ ಹೋಗುವುದೇ ಇಲ್ಲ. ಮೊದಲ ನಿಮಿಷದಲ್ಲೇ ಮುಗಿದಿರುತ್ತದೆ.

ಇನ್ನು ದಪ್ಪದ ಮಾತು. ಒಬ್ಬರು ನಡೆಯಲು ಕನಿಷ್ಠ 10 ಸೆಂ.ಮೀ., ಕಾರಿಗೆ 25ರಿಂದ 30 ಸೆಂ.ಮೀ. ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇದು ಹೊಸದಾಗಿ ಕಟ್ಟಿದ, ಗಾಜಿನಂತೆ ಕಾಣುವ ಐಸ್‌ಗೆ ಮಾತ್ರ. ಹಿಮ ಬಿದ್ದು ನೆನೆದು ಮತ್ತೆ ಗಟ್ಟಿಯಾದ ಬಿಳಿ ಐಸ್‌ಗೆ ಅದರ ಅರ್ಧ ಬಲ. ಅಂದರೆ ದಪ್ಪ ದುಪ್ಪಟ್ಟು ಬೇಕು. ಚಳಿಗಾಲದ ಕೊನೆಯಲ್ಲಂತೂ ಈ ಲೆಕ್ಕವನ್ನೇ ಮರೆತುಬಿಡಿ. ಬಿಸಿಲಿಗೆ ಐಸ್ ಒಳಗೊಳಗೇ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಂಡಿರುತ್ತದೆ. ಅಳೆದರೆ ಒಂದು ಮೊಳ, ಕಾಲಿಟ್ಟರೆ ಪುಡಿ.

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಒಂದು ಕೆರೆಗೆ ಒಂದೇ ದಪ್ಪ ಅಂತ ಇರುವುದಿಲ್ಲ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಹಾಗಾಗಿ ಆ ನೀರು ತಳದಲ್ಲಿ ಉಳಿಯುತ್ತದೆ, ಅದಕ್ಕಿಂತ ತಣ್ಣಗಿನದು ಮೇಲೆ ನಿಂತು ಹೆಪ್ಪುಗಟ್ಟುತ್ತದೆ. ಎಲ್ಲೆಲ್ಲಿ ನೀರು ಅಲುಗಾಡುತ್ತದೋ ಅಲ್ಲೆಲ್ಲ ತಳದ ಆ ಬೆಚ್ಚಗಿನ ನೀರು ಮೇಲೆದ್ದು ಐಸನ್ನು ಕೆಳಗಿನಿಂದ ತಿನ್ನುತ್ತದೆ. ತೊರೆ ಬಂದು ಸೇರುವ ಜಾಗ, ಕೋಡಿ, ಸೇತುವೆಯ ಕೆಳಗೆ, ತಳದಲ್ಲಿ ಬುಗ್ಗೆ ಇರುವ ಕಡೆ. ಜೊಂಡು, ಕಂಬಗಳ ಸುತ್ತಲೂ ಅಷ್ಟೇ, ಅವು ಬಿಸಿಲಿನ ಕಾವು ಹೀರಿ ಪಕ್ಕದ ಐಸನ್ನು ಸಡಿಲ ಮಾಡುತ್ತವೆ. ನನ್ನ ಕಾಲು ಇಳಿದದ್ದೂ ಅಂಥ ಕಡೆಯೇ. ಇದರ ಮೇಲೆ ಹಿಮ ಬೇರೆ. ಅದು ಕಂಬಳಿ ಹೊದಿಸಿದ ಹಾಗೆ. ಐಸ್ ಬೇಗ ದಪ್ಪವಾಗಲು ಬಿಡುವುದಿಲ್ಲ, ಕೆಳಗಿನ ಬಿರುಕನ್ನೂ ಮುಚ್ಚಿಡುತ್ತದೆ.

ಕೆರೆ ಸದ್ದು ಮಾಡುತ್ತದೆ ಅಂತ ಕೇಳಿರಬಹುದು. ರಾತ್ರಿ ಚಳಿ ಏರಿದಾಗ ಗುಡುಗಿದ ಹಾಗೆ, ಬಿಗಿದ ತಂತಿಗೆ ಹೊಡೆದ ಹಾಗೆ ಕೇಳಿಸುತ್ತದೆ. ಮೊದಲ ಸಲ ನಾನು ಓಡಿ ದಡ ಸೇರಿದ್ದೆ! ಐಸ್ ಹಿಗ್ಗಿ ಕುಗ್ಗಿ ಬಿರುಕು ಬಿಡುವ ಸದ್ದು ಅದು, ದಪ್ಪ ಐಸ್‌ನಿಂದಲೂ ಬರುತ್ತದೆ. ಸದ್ದಿದ್ದರೆ ಅಪಾಯ, ಇಲ್ಲದಿದ್ದರೆ ಕ್ಷೇಮ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಸಿಲಿಗೆ ಕಡ್ಡಿಕಡ್ಡಿಯಾಗಿ ಸಡಿಲಾದ ಐಸ್ ಸದ್ದಿಲ್ಲದೆ ಕುಸಿಯಬಹುದು.

‘ಅಷ್ಟೊಂದು ಜನ ಹೋಗ್ತಾರಲ್ಲ’ ಅನ್ನುವವರಿಗೆ ನಾನು 1867ರ ಲಂಡನ್ ಕಥೆ ಹೇಳುತ್ತೇನೆ. ರೀಜೆಂಟ್ಸ್ ಪಾರ್ಕಿನ ಕೆರೆಯ ಮೇಲೆ ನೂರಾರು ಜನ ಸ್ಕೇಟಿಂಗ್ ಮಾಡುತ್ತಿದ್ದರು. ಹಿಂದಿನ ದಿನವೇ ಐಸ್ ಒಡೆದು ಕೆಲವರು ಬಿದ್ದು ಎದ್ದಿದ್ದರು. ಆದರೂ ಜನವರಿ 15ರಂದು ಜನ ಮತ್ತೆ ಇಳಿದರು. ಸುಮಾರು 200 ಮಂದಿ ನೀರಿಗೆ ಬಿದ್ದರು, 40 ಮಂದಿ ಸತ್ತರು. ಆಮೇಲೆ ಆ ಕೆರೆಯ ಆಳವನ್ನೇ ಕಡಿಮೆ ಮಾಡಿದರು.

ಅಕಸ್ಮಾತ್ ಬಿದ್ದರೆ? ಮೊದಲ ಒಂದು ನಿಮಿಷ ಅಂಚು ಹಿಡಿದು ತಲೆ ಮೇಲಿಟ್ಟುಕೊಂಡಿರಿ, ಉಸಿರು ಹತೋಟಿಗೆ ಬರಲಿ. ಬಂದ ದಿಕ್ಕಿಗೇ ತಿರುಗಿ, ಯಾಕೆಂದರೆ ಅಲ್ಲಿನ ಐಸ್ ಆಗಲೇ ನಿಮ್ಮ ಭಾರ ಹೊತ್ತಿದೆ. ಎರಡೂ ಕೈ ಐಸ್ ಮೇಲೆ ಚಾಚಿ, ಈಜುವಾಗಿನಂತೆ ಕಾಲು ಬಡಿದು ಮೈಯನ್ನು ಅಡ್ಡ ಮಾಡಿ, ಹೊಟ್ಟೆಯ ಮೇಲೆ ಜಾರಿ ಮೇಲೆ ಬನ್ನಿ. ನಿಮ್ಮ ಈಜು ಉಪಯೋಗಕ್ಕೆ ಬರುವುದು ಇಲ್ಲಿ. ಮೇಲೆ ಬಂದ ತಕ್ಷಣ ಎದ್ದು ನಿಲ್ಲಬೇಡಿ, ಉರುಳಿಕೊಂಡು ದೂರ ಹೋಗಿ. ಮೀನು ಹಿಡಿಯಲು ಹೋಗುವವರು ಕುತ್ತಿಗೆಗೆ ದಾರದಲ್ಲಿ ಎರಡು ಚೂಪಾದ ಮೊಳೆ ಹಿಡಿಕೆ ನೇತುಹಾಕಿಕೊಂಡಿರುತ್ತಾರೆ, ಐಸ್‌ಗೆ ಚುಚ್ಚಿ ಎಳೆದುಕೊಳ್ಳಲು. ಕಸುವೇ ಇಲ್ಲ ಅನಿಸಿದರೆ ಒದ್ದೆ ತೋಳುಗಳನ್ನು ಐಸ್ ಮೇಲೆ ಚಾಚಿ ಸುಮ್ನೆ ಇದ್ದುಬಿಡಿ. ಬಟ್ಟೆ ಐಸ್‌ಗೆ ಅಂಟಿಕೊಂಡರೆ, ಎಚ್ಚರ ತಪ್ಪಿದ ಮೇಲೂ ಅದು ನಿಮ್ಮನ್ನು ಹಿಡಿದಿಟ್ಟಿರುತ್ತದೆ.

ಬೇರೆಯವರು ಬಿದ್ದರೆ ಹತ್ತಿರ ಓಡಬೇಡಿ. ತುರ್ತು ಸಂಖ್ಯೆಗೆ ಫೋನ್ ಮಾಡಿ, ದಡದಿಂದಲೇ ಹಗ್ಗವೋ ಕೊಂಬೆಯೋ ಎಸೆಯಿರಿ. ನಾಯಿ ಬಿದ್ದರೂ ಇದೇ ಮಾತು. ಅದರ ಹಿಂದೆ ಇಳಿದು ಸತ್ತವರಿದ್ದಾರೆ.

ಈಗ ನಿಮ್ಮ ಮೊದಲ ಪ್ರಶ್ನೆ, ಹೋಗಬಹುದಾ? ಗೆಳೆಯರನ್ನು ಒಂದು ಮಾತು ಕೇಳಿ. ಇವತ್ತು ಯಾರಾದರೂ ತೂತು ಕೊರೆದು ದಪ್ಪ ಅಳೆದಿದ್ದಾರಾ, ಎಲ್ಲೆಲ್ಲಿ? ಅವರು ಜಾಗ ತೋರಿಸಿ ಅಳತೆ ಹೇಳಿದರೆ ಜೊತೆಗೆ ಹೋಗಿ, ಗುಂಪಾಗಿ ನಿಲ್ಲದೆ ಬಿಡಿಬಿಡಿಯಾಗಿ ನಡೆಯಿರಿ. ‘ನಿನ್ನೆ ಎಲ್ರೂ ಹೋಗಿದ್ರಪ್ಪ’ ಅಂದರೆ ದಡದಲ್ಲೇ ನಿಂತು ಫೋಟೋ ತೆಗೆಯಿರಿ.