ಒಂಬತ್ತನೆಯ ತರಗತಿಯ ಮಗಳು ಮತ್ತು ಶಾಲೆಯ ಬ್ಯಾಂಡು: ಶಿವಮೊಗ್ಗದ ತಾಯಿಯೊಬ್ಬರಿಗೆ ಉತ್ತರ

ನಿಮ್ಮ ಪತ್ರವನ್ನು ತೀರ್ಥಹಳ್ಳಿಯ ಹತ್ತಿರದ ನನ್ನ ತವರುಮನೆಯ ಜಗಲಿಯಲ್ಲಿ ಕುಳಿತು ಎರಡು ಸಲ ಓದಿದೆ. ಮಳೆ ಹಿಡಿದು ನಾಲ್ಕು ದಿನವಾಯಿತು. ಅಡಿಕೆಗೆ ಬೋರ್ಡೋ ಹೊಡೆಸಲು ಸ್ವಲ್ಪ ಹೊಳವಾಗಲಿ ಎಂದು ಅಣ್ಣ ಕಾಯುತ್ತಿದ್ದಾನೆ. ನನಗೆ ನಿಧಾನವಾಗಿ ಬರೆಯಲು ಬಿಡುವು ಸಿಕ್ಕಿದೆ. ಜುಲೈ ನಡುವಿನಲ್ಲಿ ವಿನೋಬನಗರದ ಮನೆಗೆ ಬೀಗ ಹಾಕಿ ಅಮೆರಿಕದ ಓಹಾಯೋ ರಾಜ್ಯದ ಒಂದು ಸಣ್ಣ ಊರಿಗೆ ಹೊರಟಿದ್ದೀರಿ. ಅಲ್ಲಿನ ಪ್ರೌಢಶಾಲೆ ಕಳುಹಿಸಿರುವ ವಿಷಯಗಳ ಪಟ್ಟಿಯಲ್ಲಿ ಬ್ಯಾಂಡ್ ಎಂದಿರುವುದನ್ನು ನೋಡಿ ಮಗಳು ಅದೇ ಬೇಕೆಂದು ಹಟ ಹಿಡಿದಿದ್ದಾಳೆ. ಓದಿಗೆ ಅಡ್ಡಿಯಾಗುವುದೇ, ಏಳು ವರ್ಷ ಕಲಿತ ಕರ್ನಾಟಕ ಸಂಗೀತ ಕೆಡುವುದೇ, ಖರ್ಚು ಎಷ್ಟು, ಹೊಸಬರ ಮಗುವನ್ನು ಅವರು ಸೇರಿಸಿಕೊಳ್ಳುವರೇ ಎಂದು ಕೇಳಿದ್ದೀರಿ. ನಾನು ಅದೇ ರಾಜ್ಯದ ಇನ್ನೊಂದು ಸಣ್ಣ ಊರಿನಲ್ಲಿ 18 ವರ್ಷಗಳಿಂದ ಇದ್ದೇನೆ. ನನ್ನ ಮಗಳು 34 ಮಕ್ಕಳ ಬ್ಯಾಂಡಿನಲ್ಲಿ ನಾಲ್ಕು ವರ್ಷ ಕ್ಲಾರಿನೆಟ್ ನುಡಿಸಿದಳು. ಸೇರಿಸಿ ಎಂಬುದೇ ನನ್ನ ಉತ್ತರ. ಆದರೆ ಏನಕ್ಕೆ ಸೇರಿಸುತ್ತಿದ್ದೀರಿ ಎಂಬುದು ಮೊದಲೇ ತಿಳಿದಿದ್ದರೆ, ನಾನು ಮಾಡಿದ ತಪ್ಪನ್ನು ನೀವು ಮಾಡಲಾರಿರಿ.

ಬ್ಯಾಂಡ್ ಎಂದರೆ ನಮ್ಮ ಕಣ್ಣಿಗೆ ಬರುವುದು ಆಗಸ್ಟ್ 15ರ ಜಡಿಮಳೆಯಲ್ಲಿ ನೆಹರೂ ಕ್ರೀಡಾಂಗಣದಲ್ಲಿ ಡ್ರಮ್ಮು ಬಾರಿಸುತ್ತ ಹೋಗುವ ಶಾಲಾ ಮಕ್ಕಳು, ಇಲ್ಲವೇ ಮದುವೆ ದಿಬ್ಬಣದ ಮುಂದಿನವರು. ಅಲ್ಲಿ ಅದು ಗಣಿತ, ವಿಜ್ಞಾನಗಳ ಹಾಗೆಯೇ ವೇಳಾಪಟ್ಟಿಯಲ್ಲಿರುವ ಪಾಠ. ಅದಕ್ಕೆ ಅಂಕವೂ ಉಂಟು, ಕ್ರೆಡಿಟ್ಟೂ ಉಂಟು. ಮಕ್ಕಳು ಸಾಮಾನ್ಯವಾಗಿ ಐದನೆಯ ಅಥವಾ ಆರನೆಯ ತರಗತಿಯಲ್ಲಿ ವಾದ್ಯ ಹಿಡಿಯುತ್ತಾರೆ. ಸಣ್ಣ ಊರುಗಳಲ್ಲಿ ಅಂದಿನಿಂದ ಹನ್ನೆರಡನೆಯ ತರಗತಿಯವರೆಗೂ ಕಲಿಸುವವರು ಹೆಚ್ಚಾಗಿ ಒಬ್ಬರೇ ಮೇಷ್ಟ್ರು. ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರಾಂಬೋನ್, ಟ್ಯೂಬಾ, ತಾಳವಾದ್ಯಗಳು ಇಂಥವೇ ಇರುತ್ತವೆ. ಪಿಟೀಲಿಗೆ ಇಲ್ಲಿ ಜಾಗವಿಲ್ಲ. ನಮ್ಮ ಯಕ್ಷಗಾನ ಮೇಳಗಳು ಮಳೆ ಕಳೆದ ಮೇಲೆ ಗೆಜ್ಜೆ ಕಟ್ಟಿ ಮುಂಗಾರಿನ ಹೊತ್ತಿಗೆ ಬಿಚ್ಚುವಂತೆ ಈ ಬ್ಯಾಂಡಿಗೂ ಒಂದು ತಿರುಗಾಟದ ವರ್ಷವಿದೆ. ಅದು ಶಾಲೆ ತೆರೆಯುವ ಮೊದಲೇ, ಜುಲೈ ಕೊನೆಯಲ್ಲೋ ಆಗಸ್ಟ್ ಮೊದಲಲ್ಲೋ ನಡೆಯುವ ಶಿಬಿರದಿಂದ ಶುರುವಾಗುತ್ತದೆ.

ಆ ಶಿಬಿರವನ್ನು ನಾನು ಮೊದಲ ದಿನ ದೂರದಿಂದ ನೋಡಿ ಗಾಬರಿಗೊಂಡಿದ್ದೆ. ಬಿಸಿಲಿಗೆ ಕಾದ ಮೈದಾನದಲ್ಲಿ ಬೆಳಗಿನಿಂದ ಮಕ್ಕಳನ್ನು ಮುಂದಕ್ಕೂ ಹಿಂದಕ್ಕೂ ನಡೆಸುತ್ತಿದ್ದರು, ಇದೇನು ಶಿಕ್ಷೆಯೋ ಎನಿಸಿತು. ಮೂರನೆಯ ದಿನ ಲೆಕ್ಕ ಅರ್ಥವಾಯಿತು. ಅಮೆರಿಕದ ಫುಟ್‌ಬಾಲ್ ಮೈದಾನ 100 ಗಜ ಉದ್ದ, ಪ್ರತಿ 5 ಗಜಕ್ಕೆ ಒಂದು ಬಿಳಿ ಗೆರೆ. ಒಂದು ಗೆರೆಯಿಂದ ಮುಂದಿನ ಗೆರೆಗೆ ಸರಿಯಾಗಿ ಎಂಟು ಹೆಜ್ಜೆ. ಅಂದರೆ ಹೆಜ್ಜೆಗೆ ಇಪ್ಪತ್ತೆರಡೂವರೆ ಇಂಚು, ನಮ್ಮ ಎನ್‌ಸಿಸಿ ಕವಾಯತಿನ 30 ಇಂಚಿಗಿಂತ ಚಿಕ್ಕದು. ಎತ್ತರದ ಹುಡುಗನೂ ಗಿಡ್ಡ ಹುಡುಗಿಯೂ ಇಡಬೇಕಾದದ್ದು ಅದೇ ಅಳತೆಯ ಹೆಜ್ಜೆ. ಪ್ರತಿ ಮಗುವಿಗೂ ಒಂದು ಹಾಳೆ ಕೊಡುತ್ತಾರೆ. ಇಷ್ಟನೆಯ ಎಣಿಕೆಗೆ ಇಂಥ ಗೆರೆಯಿಂದ ಎರಡು ಹೆಜ್ಜೆ ಎಡಕ್ಕೆ ನಿನ್ನ ಚುಕ್ಕೆ ಎಂದು ಅದರಲ್ಲಿ ಬರೆದಿರುತ್ತದೆ. ನುಡಿಸುವ ಸಂಗೀತವನ್ನು ಬಾಯಿಪಾಠ ಮಾಡಿ, ಎದೆಯನ್ನು ಪ್ರೇಕ್ಷಕರ ಕಡೆಗೆ ತಿರುಗಿಸಿಕೊಂಡೇ ಕಾಲನ್ನು ಬೇರೆ ದಿಕ್ಕಿಗೆ ನಡೆಸಿ ಆ ಚುಕ್ಕೆಯನ್ನು ಮುಟ್ಟಬೇಕು. ಮನೆಯ ಅಂಗಳದ ರಂಗೋಲಿಯಲ್ಲಿ ಒಂದು ಚುಕ್ಕೆ ತಪ್ಪಿದರೆ ಎಳೆ ಎಲ್ಲಿ ಸೊಟ್ಟಗಾಗುತ್ತದೆಂದು ನಿಮಗೆ ಗೊತ್ತು. ಇನ್ನೂರು ಮಕ್ಕಳ ದೊಡ್ಡ ಬ್ಯಾಂಡಿನಲ್ಲಿ ಒಂದು ಚುಕ್ಕೆ ತಪ್ಪಿದ್ದು ಕಾಣದೆ ಹೋಗಬಹುದು. ಮೂವತ್ತು ಚಿಲ್ಲರೆ ಮಕ್ಕಳ ಬ್ಯಾಂಡಿನಲ್ಲಿ ಇಡೀ ಊರಿಗೆ ಕಾಣುತ್ತದೆ.

ಊರು ಎಂದದ್ದನ್ನು ಉತ್ಪ್ರೇಕ್ಷೆಯೆಂದು ತಿಳಿಯಬೇಡಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಶುಕ್ರವಾರ ರಾತ್ರಿ ಏಳಕ್ಕೆ ಫುಟ್‌ಬಾಲ್ ಪಂದ್ಯ ಆರಂಭವಾಗುತ್ತದೆ, ಮತ್ತು ಅಂಥ ಸಣ್ಣ ಊರುಗಳಲ್ಲಿ ಆ ಮೈದಾನವೇ ವಾರದ ಜಾತ್ರೆ. ಶಾಲೆಯಲ್ಲಿ ಮಕ್ಕಳಿಲ್ಲದ ಮುದುಕರೂ ಕಂಬಳಿ ಹೊದ್ದು ಬಂದು ಕೂರುತ್ತಾರೆ. ನಡುವೆ ಬರುವ 15 ನಿಮಿಷದ ವಿರಾಮದಲ್ಲಿ ಮೈದಾನ ಬ್ಯಾಂಡಿನದು. ತಾಯಿತಂದೆಯರು ಸರದಿಯಂತೆ ತಿಂಡಿಯಂಗಡಿಯಲ್ಲಿ ನಿಲ್ಲುತ್ತಾರೆ. ಆ ದುಡ್ಡೇ ಬಸ್ಸಿಗೆ, ಸಮವಸ್ತ್ರದ ದುರಸ್ತಿಗೆ, ವಾದ್ಯಗಳ ರಿಪೇರಿಗೆ ಹೋಗುತ್ತದೆ. ಹತ್ತು ವರ್ಷ ಆ ಊರಿನಲ್ಲಿದ್ದೂ ನನಗೆ ಹೆಸರು ಹಿಡಿದು ಮಾತನಾಡಿಸುವ ನಾಲ್ಕು ಮನೆಗಳಿರಲಿಲ್ಲ. ಬಿಸಿ ಚಾಕೊಲೇಟ್ ಸುರಿದು ಕೊಡುತ್ತ ನಿಂತ ಒಂದು ಋತುವಿನಲ್ಲಿ ಅಂಚೆಯವರು, ಹಲ್ಲಿನ ವೈದ್ಯರು, ಜೋಳದ ಹೊಲದ ಯಜಮಾನರು ಎಲ್ಲರೂ ನನ್ನನ್ನು ಕ್ಲಾರಿನೆಟ್ ಹುಡುಗಿಯ ಅಮ್ಮನೆಂದು ಗುರುತಿಸತೊಡಗಿದರು. ನಾನು ಅಂದಿನವರೆಗೆ ಆ ಊರಿನಲ್ಲಿ ವಾಸವಿದ್ದೆ, ಅಷ್ಟೇ.

ಇನ್ನು ನನ್ನ ತಪ್ಪು. ಮಗಳು ಹತ್ತನೆಯ ತರಗತಿಯಲ್ಲಿದ್ದಾಗ, ಎಷ್ಟೋ ವರ್ಷಗಳ ಮೇಲೆ ಒಮ್ಮೆ ನವರಾತ್ರಿಗೆ ಊರಿನಲ್ಲಿರಬೇಕೆಂದು ಆಸೆಪಟ್ಟು, ಯಾರನ್ನೂ ಕೇಳದೆ ಅಕ್ಟೋಬರಿನಲ್ಲಿ ಹನ್ನೆರಡು ದಿನಕ್ಕೆ ಟಿಕೆಟ್ ತೆಗೆಸಿದೆ. ಪ್ರದರ್ಶನಕ್ಕೆ ಬರುವುದೇ ಆ ಪಾಠದ ಪರೀಕ್ಷೆ ಎಂಬುದು ನನಗೆ ತಿಳಿದಿರಲಿಲ್ಲ. ಗೈರುಹಾಜರಿಗೆ ಅಂಕ ಹೋಯಿತು. ಮೇಷ್ಟ್ರು ಗದರಲಿಲ್ಲ. ಆ ಜಾಗದಲ್ಲಿ ನಿಲ್ಲಿಸಲು ನನ್ನ ಹತ್ತಿರ ಇನ್ನೊಂದು ಮಗುವಿಲ್ಲ ಎಂದಷ್ಟೇ ಹೇಳಿದರು. ಒಂದು ಶಾಲೆಯ ಆಟದ ವಿರಾಮಕ್ಕೆ ಇಷ್ಟೇಕೆ ಎಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ. ಸಾಗರದಲ್ಲಿರುವ ಅತ್ತೆಯ ಮನೆಯಲ್ಲಿ ಶನಿವಾರ ಬೆಳಗಿನ ಐದೂವರೆಗೆ ಎದ್ದು ನೋಡುತ್ತೇನೆ, ಹಾಸಿಗೆಯಲ್ಲಿ ಮಗಳಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕುಳಿತು, ಲಟ್ಟಣಿಗೆಯನ್ನು ಕ್ಲಾರಿನೆಟ್ಟಿನಂತೆ ಹಿಡಿದು, ಅದರ ಮೇಲೆ ಬೆರಳುಗಳನ್ನು ಆಡಿಸುತ್ತ, ಎಡಗಾಲಿನಲ್ಲಿ ಎಣಿಕೆ ಹಾಕುತ್ತಿದ್ದಳು. ಅಲ್ಲಿ ಶುಕ್ರವಾರ ರಾತ್ರಿ ಎಂಟು ಗಂಟೆ, ವಿರಾಮದ ಹೊತ್ತು. ಮರುದಿನ ಗೆಳತಿಯೊಬ್ಬಳು ಮೆಟ್ಟಿಲುಸಾಲಿನ ಮೇಲಿನಿಂದ ತೆಗೆದ ಚಿತ್ರ ಕಳುಹಿಸಿದಳು. ಓರೆಯಾಗಿ ನಿಂತ ಸಾಲಿನಲ್ಲಿ ಇಬ್ಬರು ಮಕ್ಕಳ ನಡುವೆ ಒಂದು ಆಳಿನಷ್ಟು ಜಾಗ ಖಾಲಿ ಇತ್ತು. ಪಕ್ಕದವರು ಸರಿದು ಅದನ್ನು ಮುಚ್ಚಿರಲಿಲ್ಲ. ಆ ಚಿತ್ರ ನೋಡಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ. ಆದ್ದರಿಂದ ಆಗಸ್ಟಿನಲ್ಲಿ ಕೊಡುವ ಕಾರ್ಯಕ್ರಮಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಆಮೇಲೆ ಊರಿನ ಟಿಕೆಟ್ಟಿನ ಮಾತೆತ್ತಿ. ಜೂನ್ ಮತ್ತು ಜುಲೈ ಮೊದಲ ಭಾಗ ನಿಮ್ಮದು. ಅದಕ್ಕಾಗಿಯೇ ನಾನು ಪ್ರತಿ ಸಲ ಮಳೆಗಾಲದಲ್ಲೇ ಬರುತ್ತೇನೆ.

ನವೆಂಬರಿನ ಚಳಿಯ ಬಗ್ಗೆಯೂ ಒಂದು ಮಾತು. ಕ್ಲಾರಿನೆಟ್ಟಿನ ಬಾಯಲ್ಲಿ ಅದುರಿ ಸ್ವರ ಹೊರಡಿಸುವ ರೀಡ್ ಎಂಬುದು ಜೊಂಡಿನಂಥ ಗಿಡದ ತೆಳು ಸೀಳು. ಓಲಗದವರು ಪೀಪಿಯನ್ನು ಬಾಯಲ್ಲಿ ನೆನೆಸಿಕೊಳ್ಳುವಂತೆ ಮಕ್ಕಳು ಅದನ್ನು ನಾಲಗೆಯ ಮೇಲಿಟ್ಟುಕೊಂಡೇ ಬಸ್ಸಿಳಿಯುತ್ತಾರೆ. ಟ್ರಂಪೆಟ್ಟಿನವರು ಬಾಯಿಭಾಗವನ್ನು ಕಿಸೆಯಲ್ಲಿ ಬೆಚ್ಚಗಿಟ್ಟುಕೊಳ್ಳುತ್ತಾರೆ, ಏಕೆಂದರೆ ಚಳಿಯಲ್ಲಿ ಗಾಳಿವಾದ್ಯದ ಸ್ವರ ಕೆಳಗಿಳಿಯುತ್ತದೆ. ಮರದ ಕ್ಲಾರಿನೆಟ್ ಅಂಥ ಹವೆಯಲ್ಲಿ ಬಿರಿಯಬಹುದು. ಹೊರಗಿನ ಕೆಲಸಕ್ಕೆಲ್ಲ ಪ್ಲಾಸ್ಟಿಕ್ಕಿನದೇ ಸಾಕು. ದುಬಾರಿ ಮರದ ವಾದ್ಯವನ್ನು ಮೊದಲ ವರ್ಷವೇ ಕೊಳ್ಳಬೇಡಿ. ನವೆಂಬರ್ 11 ಮಾಜಿ ಸೈನಿಕರ ದಿನ, ಅಂದು ಶಾಲೆಯಲ್ಲೋ ಪೇಟೆಯಲ್ಲೋ ಬ್ಯಾಂಡು ನುಡಿಸುತ್ತದೆ. ಆಮೇಲೆ ಎಲ್ಲರೂ ಒಳಗೆ ಕುಳಿತು ನುಡಿಸುವ ಕಾಲ. ಡಿಸೆಂಬರಿನ ಕಛೇರಿ, ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಸಣ್ಣ ತಂಡದ ನುಡಿಸಾಣಿಕೆ, ಚಳಿಗಾಲದಲ್ಲಿ ಒಬ್ಬೊಬ್ಬರೇ ತೀರ್ಪುಗಾರರ ಮುಂದೆ ನುಡಿಸುವ ಸ್ಪರ್ಧೆ ಇವೆಲ್ಲ ಬೇಗ ಬೇಗ ಬಂದು ಹೋಗುತ್ತವೆ.

ಕರ್ನಾಟಕ ಸಂಗೀತದ ಬಗೆಗಿನ ನಿಮ್ಮ ಆತಂಕಕ್ಕೆ ಉತ್ತರ ಸಿಗುವುದು ಈ ಚಳಿಗಾಲದಲ್ಲೇ. ಬ್ಯಾಂಡು ಶ್ರುತಿ ಮಾಡಿಕೊಳ್ಳುವುದು ಸಾಮಾನ್ಯವಾಗಿ ಬಿ ಫ್ಲಾಟ್‌ಗೆ, ಅಂದರೆ ನಮ್ಮ ಹಾರ್ಮೋನಿಯಂನ ಕಪ್ಪು ಐದಕ್ಕೆ. ಕ್ಲಾರಿನೆಟ್ಟಿನವರು ಸ್ವರಲಿಪಿಯ ಹಾಳೆಯಲ್ಲಿ ಸಿ ಎಂದು ಓದಿ ನುಡಿಸಿದಾಗ ಕೇಳುವುದು ಆ ಬಿ ಫ್ಲಾಟ್. ಇದು ಅಲ್ಲಿನ ಮಕ್ಕಳನ್ನು ತಿಂಗಳುಗಟ್ಟಲೆ ಗೊಂದಲಕ್ಕೆ ಹಾಕುತ್ತದೆ. ಯಾವ ಶ್ರುತಿಯಲ್ಲಾದರೂ ಷಡ್ಜ ಷಡ್ಜವೇ ಎಂದು ಕಲಿತ ಮಗುವಿಗೆ ಒಂದು ಸಂಜೆ ಸಾಕು. ಕಷ್ಟವಾಗುವುದು ಬೇರೆಡೆ. ನಮ್ಮ ಮಕ್ಕಳ ಸ್ವರ ಗಮಕದತ್ತ ತಾನಾಗಿ ಜಾರುತ್ತದೆ, ಅಲ್ಲಿ ಅದು ಅಲುಗಾಡದೆ ನಿಲ್ಲಬೇಕು. ಮತ್ತು ತನ್ನ ಸ್ವರ ಬೇರೆ, ಪಕ್ಕದವರ ಸ್ವರ ಬೇರೆ ಇರುವಾಗ ಎರಡನ್ನೂ ಕೇಳಿಸಿಕೊಳ್ಳುವ ಅಭ್ಯಾಸ ನಮಗಿಲ್ಲ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಅದರಲ್ಲೇ ರಾಗ ಹಾಡಿಸಿ 2004ರಲ್ಲಿ ಪದ್ಮಶ್ರೀ ಪಡೆದರು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಆ ವಾದ್ಯವನ್ನು ನಿಮ್ಮ ಮನೆಯ ಹಿರಿಯರು ಮದುವೆಗಳಲ್ಲಿ ಕೇಳಿಯೇ ಇರುತ್ತಾರೆ.

ಮಾರ್ಚಿನ ಸ್ಪರ್ಧೆಯಲ್ಲಿ ಶಾಲೆಗಳು ಒಂದನ್ನೊಂದು ಸೋಲಿಸುವುದಿಲ್ಲ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ತೀರ್ಪುಗಾರರು ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ, ಒಂದು ಎಲ್ಲಕ್ಕಿಂತ ಮೇಲು. ಚೆನ್ನಾಗಿ ನುಡಿಸಿದರೆ ಎಲ್ಲ ಶಾಲೆಗಳೂ ಅದನ್ನು ಪಡೆಯಬಹುದು. ತಿಂಗಳುಗಳಿಂದ ತಿದ್ದಿದ ಕೃತಿಗಳಾದ ಮೇಲೆ ಇನ್ನೊಂದು ಕೋಣೆಗೆ ಕರೆದೊಯ್ದು, ಎಂದೂ ಕಂಡಿರದ ಹಾಳೆಯನ್ನು ಕೈಗಿಡುತ್ತಾರೆ. ಕೆಲವೇ ನಿಮಿಷ ಮೇಷ್ಟ್ರು ಬಾಯಲ್ಲಿ ವಿವರಿಸಬಹುದು, ಮಕ್ಕಳು ವಾದ್ಯ ಊದುವಂತಿಲ್ಲ, ಬೆರಳಾಡಿಸಬಹುದು, ಅಷ್ಟೇ. ಆಮೇಲೆ ಒಂದೇ ಸಲ ನುಡಿಸಬೇಕು. ಸಾಗರದ ಮೆಟ್ಟಿಲ ಮೇಲೆ ಲಟ್ಟಣಿಗೆ ಹಿಡಿದವಳಿಗೆ ಇದು ಕಷ್ಟವೆನಿಸಲಿಲ್ಲವಂತೆ.

ವರ್ಷದ ಕೊನೆಗೆ ಮೇ ತಿಂಗಳ ಕಡೆಯ ಸೋಮವಾರ ಬರುತ್ತದೆ, ಯುದ್ಧಗಳಲ್ಲಿ ಮಡಿದವರನ್ನು ನೆನೆಯುವ ದಿನ. ಬ್ಯಾಂಡು ಪೇಟೆಬೀದಿಯಿಂದ ಸ್ಮಶಾನದವರೆಗೆ ನಡೆದು ಹೋಗುತ್ತದೆ. ಅಲ್ಲಿ ಟ್ರಂಪೆಟ್ ನುಡಿಸುವ ಮಗುವೊಂದು ಟ್ಯಾಪ್ಸ್ ಎಂಬ 24 ಸ್ವರಗಳ ಕರೆಯನ್ನು ಊದುತ್ತದೆ. 1862ರಲ್ಲಿ, ಅವರ ಅಂತರ್ಯುದ್ಧದ ಕಾಲದಲ್ಲಿ ಹುಟ್ಟಿದ ಕರೆ ಅದು. ನಮ್ಮೂರಿನಲ್ಲಿ ಇನ್ನೊಂದು ಮಗು ಗುಡ್ಡದ ಮರಗಳ ಹಿಂದೆ ಕಾಣದಂತೆ ನಿಂತು, ಒಂದೊಂದು ಸಾಲು ಮುಗಿದಂತೆ ಅದನ್ನೇ ಮೆಲ್ಲಗೆ ಮರಳಿ ಊದುತ್ತದೆ. ನನಗೆ ಆ ಮಣ್ಣಿನಲ್ಲಿ ಮಲಗಿದವರು ಯಾರೂ ಇಲ್ಲ. ನನ್ನವರ ಬೂದಿ ತುಂಗೆಯಲ್ಲಿ ಹೋಗಿದೆ. ಆದರೂ ಮೊದಲ ವರ್ಷ, ಪಕ್ಕದಲ್ಲಿ ನಿಂತಿದ್ದ ಅಂಚೆಯವರು ಟೋಪಿ ತೆಗೆದು ಎದೆಗೆ ಹಿಡಿದಾಗ, ನಾನು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತೆ. ಯಾರೂ ಏನೂ ಕೇಳಲಿಲ್ಲ. ಅದರ ಆಚೀಚಿನ ದಿನಗಳಲ್ಲೇ ಪದವಿ ಸಮಾರಂಭ. ಹನ್ನೆರಡನೆಯವರು ಕಪ್ಪು ನಿಲುವಂಗಿ ತೊಟ್ಟು ಅತ್ತ ಕೂರುವುದರಿಂದ ಅವರನ್ನು ಕಳುಹಿಸಿಕೊಡುವ ಸಂಗೀತವನ್ನು ಉಳಿದ ಇಪ್ಪತ್ತೈದು ಮಕ್ಕಳೇ ನುಡಿಸಬೇಕು. ಸಣ್ಣ ಬ್ಯಾಂಡಿಗೆ ಆ ಸಂಜೆ ಬಹಳ ತೆಳುವಾದ ಸಂಜೆ, ಮತ್ತು ಮೇಷ್ಟ್ರು ಐದನೆಯ ತರಗತಿಯ ಹೆಸರುಗಳನ್ನು ಎಣಿಸತೊಡಗುವುದೂ ಅಂದೇ.

ಇದರಿಂದಲೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ದೊಡ್ಡ ಶಾಲೆಯಲ್ಲಿ ಒಂಬತ್ತನೆಯಲ್ಲಿ ಹೊಸದಾಗಿ ವಾದ್ಯ ಹಿಡಿಯುವ ಮಗುವಿಗೆ ಜಾಗ ಸಿಗುವುದು ಕಷ್ಟವಿರಬಹುದು. ಸಣ್ಣ ಶಾಲೆಯ ಮೇಷ್ಟ್ರು ಹೆಚ್ಚಾಗಿ ಬಾಗಿಲು ತೆರೆದೇ ಇಟ್ಟಿರುತ್ತಾರೆ. ತಾಳ ಗಟ್ಟಿಯಿರುವ ಮಗುವನ್ನು ಮೊದಲ ವರ್ಷ ತಾಳವಾದ್ಯಗಳಿಗೆ ಹಾಕಿ, ಪಕ್ಕದಲ್ಲಿ ಕ್ಲಾರಿನೆಟ್ಟನ್ನೋ ಕೊಳಲನ್ನೋ ಕಲಿಸುವುದುಂಟು. ಬಾಡಿಗೆಗೆ ತೆಗೆದುಕೊಂಡರೆ ಇಂಥ ವಾದ್ಯಕ್ಕೆ ತಿಂಗಳಿಗೆ ಸುಮಾರು 20ರಿಂದ 40 ಡಾಲರ್ ಆಗುತ್ತದೆ. ಟ್ಯೂಬಾದಂಥ ದೊಡ್ಡವನ್ನು ಸಾಮಾನ್ಯವಾಗಿ ಶಾಲೆಯೇ ಕೊಡುತ್ತದೆ. ಓದಿನ ಮಾತಿಗೆ ಬಂದರೆ, ಶುಕ್ರವಾರದ ರಾತ್ರಿಗಳು ಹೋಗುತ್ತವೆ, ಶಿಬಿರದ ವಾರ ಹೋಗುತ್ತದೆ. ನನ್ನ ಮಗಳು ಉಳಿದ ಹೊತ್ತನ್ನು ಹಿಡಿದು ಬಳಸುವುದನ್ನು ಆ ಕಾರಣಕ್ಕೇ ಕಲಿತಳು.

ಶಿಬಿರಕ್ಕೆ ಅಗಲ ಅಂಚಿನ ಟೋಪಿ, ದೊಡ್ಡ ನೀರಿನ ಬಾಟಲಿ, ಪಾದಕ್ಕೆ ಬಿಗಿಯಾಗಿ ಕೂರುವ ಬೂಟು ಬೇಕು. ಬೂಟನ್ನು ಗಾಂಧಿ ಬಜಾರಿನಲ್ಲೇ ಕೊಂಡು ಈಗಿನಿಂದಲೇ ಹಾಕಿ ಸವೆಸಲಿ. ನನ್ನ ಮಗಳ ಹಳೆಯ ಪ್ಲಾಸ್ಟಿಕ್ ಕ್ಲಾರಿನೆಟ್ ನಮ್ಮ ಓಹಾಯೋದ ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಮುಂದಿನ ಗುರುವಾರ ನಾನು ಶಿವಮೊಗ್ಗಕ್ಕೆ ಬರುವವಳಿದ್ದೇನೆ. ಮಗಳು ಮನೆಯಲ್ಲಿರಲಿ, ಅವಳ ಬೆರಳು ಆ ರಂಧ್ರಗಳನ್ನು ಮುಚ್ಚುವಷ್ಟು ಬೆಳೆದಿವೆಯೇ ನೋಡಿ, ಸರಿಯೆನಿಸಿದರೆ ನೀವು ಬಂದಿಳಿದ ವಾರವೇ ಅದನ್ನು ತಂದುಕೊಡುತ್ತೇನೆ.