ಬ್ಲೂ ಕಾರ್ಡ್ ಇರುವಾಗ ಪಿಆರ್ ಯಾಕೆ? ಜರ್ಮನಿಯ ಕನ್ನಡಿಗರ ಪ್ರಶ್ನೆಗಳಿಗೆ ಉತ್ತರ

ಈ ಸಲವೂ ಬಂದಿರುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಬ್ಲೂ ಕಾರ್ಡ್ ಎಂದರೆ ಕೆಲಸದ ಮೇಲೆ ಸಿಗುವ, ಅವಧಿ ಇರುವ ವಾಸದ ಪರವಾನಗಿ; ಪಿಆರ್ ಎಂದರೆ ಶಾಶ್ವತ ವಾಸದ ಪರವಾನಗಿ. ಅದಕ್ಕಿಂತ ಹೆಚ್ಚಿನ ವಿವರ, ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ ಎಂಬುದನ್ನು ಮತ್ತೆ ವಿವರಿಸುವುದಿಲ್ಲ. ಅದೆಲ್ಲ ನಿಮ್ಮೂರಿನ ವಿದೇಶಿಯರ ಕಚೇರಿಯ ಜಾಲತಾಣದಲ್ಲೇ ಇದೆ, ಓದಿಕೊಳ್ಳಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬ್ಲೂ ಕಾರ್ಡ್‌ಗೆ ಇನ್ನೂ ಎರಡು ವರ್ಷ ಅವಧಿ ಇದೆ, ಸಂಬಳ ಚೆನ್ನಾಗಿದೆ, ಹೇಗಿದ್ದರೂ ಮುಂದೊಂದು ದಿನ ಬೆಂಗಳೂರಿಗೇ ವಾಪಸ್ಸು. ಎಲ್ಲರೂ ಪಿಆರ್ ಪಿಆರ್ ಎಂದು ಯಾಕೆ ಹಿಂದೆ ಬಿದ್ದಿದ್ದಾರೆ? ನನಗೇನು ಲಾಭ?

ಉತ್ತರ: ಸಂಬಳ ಚೆನ್ನಾಗಿದೆ ಎಂಬುದೇ ಈಗಲೇ ಅರ್ಜಿ ಹಾಕಲು ಕಾರಣ. ಬ್ಲೂ ಕಾರ್ಡ್ ನಿಮ್ಮ ಕೆಲಸಕ್ಕೆ ಕಟ್ಟಿಹಾಕಿದ ಪರವಾನಗಿ. ಕೆಲಸ ಹೋದರೆ ಎರಡು ವಾರದೊಳಗೆ ಕಚೇರಿಗೆ ನೀವೇ ತಿಳಿಸಬೇಕು. ಕಾರ್ಡಿನ ಮೇಲೆ ಯಾವ ದಿನಾಂಕವೇ ಇರಲಿ, ಅವಧಿಯನ್ನು ಮೊಟಕುಗೊಳಿಸುವ ಅಧಿಕಾರ ಕಚೇರಿಗಿದೆ. ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವುದು ಮೂರರಿಂದ ಆರು ತಿಂಗಳು. ಸಿಕ್ಕ ಕೆಲಸದ ಸಂಬಳವೂ ಬ್ಲೂ ಕಾರ್ಡ್ ಮಿತಿಯನ್ನು ಮುಟ್ಟಬೇಕು. 2025ರಲ್ಲಿ ಆ ಸಾಮಾನ್ಯ ಮಿತಿ ವರ್ಷಕ್ಕೆ 48,300 ಯೂರೊ ಇತ್ತು. ಹೆಂಡತಿ ಮಕ್ಕಳ ಪರವಾನಗಿಯೂ ನಿಮ್ಮದಕ್ಕೇ ಅಂಟಿಕೊಂಡಿರುತ್ತದೆ. ಮಗು ಶಾಲೆಯಲ್ಲಿ ಅರ್ಧ ವರ್ಷ ಮುಗಿಸಿರುವಾಗ ಇದೆಲ್ಲ ಬಂದೆರಗಿದರೆ ಏನಾಗುತ್ತದೆ ಎಂದು ಯೋಚಿಸಿ.

ಪಿಆರ್, ಅಂದರೆ ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್, ಈ ನಂಟನ್ನು ಕಡಿದುಹಾಕುತ್ತದೆ. ಕೆಲಸ ಹೋದರೂ ಇರುವ ಹಕ್ಕು ಹೋಗುವುದಿಲ್ಲ. ಯಾವ ಕೆಲಸ ಬೇಕಾದರೂ ಮಾಡಬಹುದು, ಯಾರ ಅಪ್ಪಣೆಯೂ ಇಲ್ಲದೆ ಸ್ವಂತ ಕಂಪನಿ ತೆರೆಯಬಹುದು, ಕಡಿಮೆ ಸಂಬಳದ ಆದರೆ ನೆಮ್ಮದಿಯ ಕೆಲಸಕ್ಕೆ ಸರಿಯಬಹುದು. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ತಿರುಗಿಸಿ ನೋಡುವುದು ಈ ಕಾರ್ಡನ್ನೇ. ಅವಧಿ ಇರುವ ಪರವಾನಗಿಗೆ ಹಲವು ಬ್ಯಾಂಕ್‌ಗಳು ಹೆಚ್ಚು ಕೈಹಣ ಕೇಳುತ್ತವೆ.

ಬಹಳ ಜನ ಗಮನಿಸದ ಇನ್ನೊಂದು ಲಾಭವಿದೆ. ಜರ್ಮನಿಯಲ್ಲಿ ಹುಟ್ಟುವ ಮಗುವಿನ ತಂದೆ ಅಥವಾ ತಾಯಿ ಐದು ವರ್ಷದಿಂದ ಕಾನೂನುಬದ್ಧವಾಗಿ ಅಲ್ಲಿ ನೆಲೆಸಿದ್ದು, ಹೆರಿಗೆಯ ದಿನ ಪಿಆರ್ ಹೊಂದಿದ್ದರೆ ಮಗುವಿಗೆ ಹುಟ್ಟಿನಿಂದಲೇ ಜರ್ಮನ್ ಪೌರತ್ವ ಬರುತ್ತದೆ. (ಜೂನ್ 2024ಕ್ಕೆ ಮೊದಲು ಇದಕ್ಕೆ ಎಂಟು ವರ್ಷ ಬೇಕಿತ್ತು.) ಪಿಆರ್ ಹೆರಿಗೆಯ ಮರುವಾರ ಕೈಗೆ ಬಂದರೆ ಈ ನಿಯಮ ಅನ್ವಯಿಸದು. ಬ್ಲೂ ಕಾರ್ಡ್ ಸಾಲದು.

ಈಗ ಲೆಕ್ಕ. ಬ್ಲೂ ಕಾರ್ಡ್ ಇದ್ದವರಿಗೆ ಎ1 ಮಟ್ಟದ (ಆರಂಭಿಕ) ಜರ್ಮನ್ ಇದ್ದರೆ 27 ತಿಂಗಳು, ಬಿ1 (ಮಧ್ಯಮ) ಇದ್ದರೆ 21 ತಿಂಗಳು ಕೆಲಸ ಮಾಡಿದ ಮೇಲೆ ಪಿಆರ್. ಇನ್ನೂ 33 ತಿಂಗಳು ಎಂದು ಹೇಳುವವರ ಮಾತು ಕೇಳಬೇಡಿ, ಅದು ನವೆಂಬರ್ 2023ಕ್ಕೆ ಹಿಂದಿನ ಲೆಕ್ಕ. ಉದ್ಯೋಗ ವೀಸಾದಲ್ಲಿ ಬಂದು ಕೆಲಸ ಶುರು ಮಾಡಿದ ತಿಂಗಳುಗಳೂ ಎಣಿಕೆಗೆ ಸೇರುತ್ತವೆ. ಕಾರ್ಡ್ ಕೈಗೆ ಬಂದ ದಿನದಿಂದ ಎಣಿಸಿ ಮೂರು ತಿಂಗಳು ಸುಮ್ಮನೆ ಕಳೆಯಬೇಡಿ. ಅಷ್ಟೂ ತಿಂಗಳು ಪಿಂಚಣಿ ವಂತಿಗೆ ಕಟ್ಟಿರಬೇಕು. ಜೊತೆಗೆ ಜರ್ಮನಿಯ ಕಾನೂನು, ಸಮಾಜದ ತಿಳಿವಳಿಕೆ ನೋಡುವ "ಲೇಬೆನ್ ಇನ್ ಡಾಯ್ಚ್‌ಲಾಂಡ್" ಪರೀಕ್ಷೆ: 60 ನಿಮಿಷ, 33 ಪ್ರಶ್ನೆ, ಪಿಆರ್‌ಗೆ 15 ಸರಿಯಿದ್ದರೆ ಪಾಸು. ಆದರೂ 17ರ ಗುರಿಯಿಟ್ಟುಕೊಂಡೇ ಓದಿ, ಪೌರತ್ವಕ್ಕೆ ಬೇಕಾಗುವುದು ಅಷ್ಟು. ಪ್ರಶ್ನೆಗಳ ಪಟ್ಟಿ ಪೂರ್ತಿ ಬಹಿರಂಗವಾಗಿದೆ, ಎರಡು ವಾರಾಂತ್ಯ ಸಾಕು.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಪಿಂಚಣಿ ದಾಖಲೆಯಲ್ಲಿ. "ಫರ್‌ಸಿಷರುಂಗ್ಸ್‌ಫರ್‌ಲೌಫ್" ಎಂಬ, ವಂತಿಗೆ ಕಟ್ಟಿದ ತಿಂಗಳುಗಳ ಪಟ್ಟಿಯನ್ನು ಪಿಂಚಣಿ ಇಲಾಖೆಯಿಂದ ಉಚಿತವಾಗಿ ತರಿಸಿಕೊಳ್ಳಿ. ಕಂಪನಿ ಹಿಂದಿನ ವರ್ಷದ ವಂತಿಗೆಯ ವಿವರ ಕಳಿಸುವುದು ಫೆಬ್ರವರಿ ಮಧ್ಯದ ಹೊತ್ತಿಗೆ. ಹಾಗಾಗಿ ಈ ವರ್ಷದ ತಿಂಗಳುಗಳು ಪಟ್ಟಿಯಲ್ಲಿ ಕಾಣುವುದಿಲ್ಲ. ಹಣ ಕಟ್ಟಿಲ್ಲವೆಂದು ಗಾಬರಿಯಾಗಬೇಡಿ, ಆ ತಿಂಗಳುಗಳ ಸಂಬಳದ ಚೀಟಿಗಳನ್ನು ಲಗತ್ತಿಸಿ.

ನಮ್ಮವರಿಗೆ ಮಾತ್ರ ಬರುವ ಒಂದು ತೊಡಕಿದೆ. ಪಿಂಚಣಿ ಸಂಖ್ಯೆಯಲ್ಲಿ 12 ಸ್ಥಾನ. ಮೂರರಿಂದ ಎಂಟನೆಯವರೆಗೆ ನಿಮ್ಮ ಜನ್ಮದಿನಾಂಕ, ಒಂಬತ್ತನೆಯದು ಹುಟ್ಟುಹೆಸರಿನ ಕುಲನಾಮದ ಮೊದಲ ಅಕ್ಷರ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಬಿಟ್ಟವರು, ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಇನಿಷಿಯಲ್ ಮಾಡಿಕೊಂಡವರು ಒಂದು ಕಂಪನಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಹೆಸರು ಬರೆಸಿದರೆ ಒಬ್ಬರಿಗೇ ಎರಡು ಸಂಖ್ಯೆ ಹುಟ್ಟಿಕೊಳ್ಳಬಹುದು. ಆಗ 21 ತಿಂಗಳು ಕಟ್ಟಿದವರ ಪಟ್ಟಿಯಲ್ಲಿ 9 ಕಾಣುತ್ತದೆ. ಎರಡನ್ನೂ ಒಂದುಗೂಡಿಸಲು ಪಿಂಚಣಿ ಇಲಾಖೆಗೆ ಬರೆಯಿರಿ. ಅದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ 15ನೇ ತಿಂಗಳಲ್ಲೇ ಪಟ್ಟಿ ತರಿಸಿ ನೋಡಿ.

ಉಳಿದಂತೆ ಬಾಡಿಗೆ ಕರಾರು (ಆರು ವರ್ಷ ದಾಟಿದ ಪ್ರತಿಯೊಬ್ಬರಿಗೂ 12 ಚದರ ಮೀಟರ್, ಚಿಕ್ಕ ಮಗುವಿಗೆ 10 ಎಂಬುದು ಕಚೇರಿಗಳು ಹಿಡಿಯುವ ಅಳತೆ), ಆರೋಗ್ಯ ವಿಮೆಯ ಪತ್ರ, ಇತ್ತೀಚಿನ ಸಂಬಳದ ಚೀಟಿಗಳು, ನಿಮಗೆ ಕೆಲಸ ಬಿಡುವ ನೋಟಿಸ್ ಕೊಟ್ಟಿಲ್ಲ ಎಂದು ಕಂಪನಿ ಬರೆದ ಪತ್ರ. ಶುಲ್ಕ 113 ಯೂರೊ. ಆ ಕಂಪನಿ ಪತ್ರದ ಕಾರಣಕ್ಕೇ ಹೇಳುತ್ತೇನೆ: 20ನೇ ತಿಂಗಳಲ್ಲಿ ಕೆಲಸ ಬದಲಿಸಬೇಡಿ. ಪ್ರೊಬೇಷನ್‌ನಲ್ಲಿ ಇರುವವರ ಅರ್ಜಿಯನ್ನು ಹಲವು ಕಚೇರಿಗಳು ಅದು ಮುಗಿಯುವ ತನಕ ಮುಟ್ಟುವುದಿಲ್ಲ.

ಕಷ್ಟ ಬಂದಾಗ ನೋಡೋಣ ಎನ್ನುವವರ ಬಗ್ಗೆಯೇ ನನಗೆ ಚಿಂತೆ. ಪಿಆರ್ ಕೊಡುವಾಗ ಕಚೇರಿ ನೋಡುವುದು ಮುಂದಕ್ಕೂ ನಿಮ್ಮ ಸಂಪಾದನೆಯಲ್ಲೇ ಬದುಕುತ್ತೀರಾ ಎಂಬುದನ್ನು. ನಿರುದ್ಯೋಗ ಭತ್ಯೆ ನೀವೇ ಕಟ್ಟಿದ ವಿಮೆಯ ಹಣ ನಿಜ, ಆದರೆ ಅದು ಕೆಲವು ತಿಂಗಳಿಗೆ ಮುಗಿಯುವಂಥದ್ದು. ಅದನ್ನು ಪಡೆಯುತ್ತಿರುವಾಗ ಅರ್ಜಿ ಮಂಜೂರಾಗುವುದು ಕಷ್ಟ. ಪಿಆರ್ ತೀರಾ ಬೇಕಾಗುವ ದಿನವೇ ಅದಕ್ಕೆ ಅರ್ಹತೆ ಇರುವುದಿಲ್ಲ. ತಿಂಗಳು ತುಂಬಿದ ಕೂಡಲೇ ಹಾಕಿ.

ಪ್ರಶ್ನೆ: ಪಿಆರ್ ಪಡೆದು ಬೆಂಗಳೂರಿಗೆ ಮರಳಿ, ಐದೂವರೆ ತಿಂಗಳಿಗೊಮ್ಮೆ ಫ್ರಾಂಕ್‌ಫರ್ಟ್‌ಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದರೆ ಸಾಕಂತೆ, ನಿಜವೇ?

ಉತ್ತರ: ಸುಳ್ಳು. ಈ ಸಲಹೆಯನ್ನು ನಂಬಿದವರು ಕಷ್ಟಪಟ್ಟು ಪಡೆದದ್ದನ್ನು ಕಳೆದುಕೊಳ್ಳುತ್ತಾರೆ. ಆರು ತಿಂಗಳೊಳಗೆ ಮರಳದಿದ್ದರೆ ಪಿಆರ್ ರದ್ದಾಗುತ್ತದೆ ಎಂಬುದು ಒಂದು ನಿಯಮ. ತಾತ್ಕಾಲಿಕವಲ್ಲದ ಕಾರಣಕ್ಕೆ ದೇಶ ಬಿಟ್ಟರೆ ಹೊರಟ ದಿನವೇ ರದ್ದು ಎಂಬುದು ಬೇರೆಯದೇ ನಿಯಮ. ಮನೆ ಖಾಲಿ ಮಾಡಿ, ವಿಳಾಸ ನೋಂದಣಿ ರದ್ದು ಮಾಡಿಸಿ, ಮಗುವನ್ನು ಜಯನಗರದ ಶಾಲೆಗೆ ಸೇರಿಸಿದವರು ಮುದ್ರೆ ತೋರಿಸಿ ಏನೂ ಸಾಧಿಸಲಾರರು. ಊರಿಗೆ ಹೋಗಿಬರುವ ಸ್ವಾತಂತ್ರ್ಯವೇ ಮುಖ್ಯವಾದರೆ ಐದು ವರ್ಷ ತುಂಬಿದ ಮೇಲೆ ಯುರೋಪ್ ಒಕ್ಕೂಟದ ದೀರ್ಘವಾಸದ ಪರವಾನಗಿಗೂ ಅರ್ಜಿ ಹಾಕಿ. ಅದಕ್ಕೆ ಒಕ್ಕೂಟದ ಹೊರಗೆ 12 ತಿಂಗಳು ಇರಲು ಅವಕಾಶವಿದೆ, ಮೊದಲು ಬ್ಲೂ ಕಾರ್ಡ್ ಹೊಂದಿದ್ದವರಿಗೆ 24. ತಂದೆಯ ಆರೈಕೆಯಂಥ ಕಾರಣಕ್ಕೆ ಹೆಚ್ಚು ಕಾಲ ಹೋಗಬೇಕಾದರೆ ಹೊರಡುವ ಮೊದಲೇ ಕಚೇರಿಯಿಂದ ಲಿಖಿತ ಅವಧಿ ಪಡೆಯಿರಿ.

ಪ್ರಶ್ನೆ: ಪಿಆರ್ ತೆಗೆದುಕೊಂಡರೆ ತೀರ್ಥಹಳ್ಳಿಯ ಅಡಿಕೆ ತೋಟ ಕೈಬಿಡುತ್ತದೆಯೇ?

ಉತ್ತರ: ಇಲ್ಲ. ಪಿಆರ್‌ನಿಂದ ಭಾರತೀಯ ಪೌರತ್ವ ಬದಲಾಗುವುದಿಲ್ಲ, ಇರುವ ತೋಟ ನಿಮ್ಮದೇ. ಅನಿವಾಸಿಯಾಗಿರುವಾಗ ಹೊಸ ಕೃಷಿ ಭೂಮಿ ಕೊಳ್ಳುವಂತಿಲ್ಲ, ಬ್ಲೂ ಕಾರ್ಡ್ ಇದ್ದರೂ ಅಷ್ಟೇ.

ಪ್ರಶ್ನೆ: ಪಿಆರ್ ಸಿಕ್ಕರೆ ಅಪ್ಪ ಅಮ್ಮನನ್ನು ಶಾಶ್ವತವಾಗಿ ಕರೆಸಿಕೊಳ್ಳಬಹುದೇ?

ಉತ್ತರ: ಪಿಆರ್‌ಗೂ ಅದಕ್ಕೂ ಸಂಬಂಧವಿಲ್ಲ. ಆ ಅವಕಾಶ ಇರುವುದು ಕುಶಲ ಕೆಲಸಗಾರರಾಗಿ 1 ಮಾರ್ಚ್ 2024 ಅಥವಾ ಆಮೇಲೆ ಮೊದಲ ಪರವಾನಗಿ ಪಡೆದವರಿಗೆ. ಅವರಿಗೂ ಹೆತ್ತವರ ಆರೋಗ್ಯ ವಿಮೆಯೇ ದೊಡ್ಡ ಗೋಡೆ.

ಪ್ರಶ್ನೆ: ಕಟ್ಟಿದ ಪಿಂಚಣಿ ಹಣ ವಾಪಸ್ ತೆಗೆದುಕೊಂಡು ಊರಿಗೆ ಹೋಗಿ, ಮತ್ತೆ ಬಂದರೆ?

ಉತ್ತರ: ವಾಪಸ್ ಪಡೆದ ಮೇಲೆ ಆ ತಿಂಗಳುಗಳು ಅಳಿಸಿಹೋಗುತ್ತವೆ. ಮತ್ತೆ ಬಂದಾಗ ಸೊನ್ನೆಯಿಂದ ಎಣಿಕೆ.

ಪ್ರಶ್ನೆ: ಪರೀಕ್ಷೆಯಿಲ್ಲದೆ ಬಿ1 ಪ್ರಮಾಣಪತ್ರ ಕೊಡಿಸುವುದಾಗಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಆ ಗುಂಪಿನಿಂದ ಇವತ್ತೇ ಹೊರಬನ್ನಿ. ಖೋಟಾ ಪತ್ರ ಸಲ್ಲಿಸುವುದು ಅಪರಾಧ. ಪಿಆರ್ ಹೋಗಲಿ, ಕೈಯಲ್ಲಿರುವ ಬ್ಲೂ ಕಾರ್ಡೂ ಹೋದೀತು. ಎ1 ಪರೀಕ್ಷೆ ಬರೆದು 27 ತಿಂಗಳು ಕಾಯುವ ದಾರಿ ತೆರೆದೇ ಇದೆ. ಆರು ತಿಂಗಳು ಉಳಿಸಲು ಹೋಗಿ ಮನೆಮಂದಿಯನ್ನೆಲ್ಲ ಅಪಾಯಕ್ಕೆ ದೂಡಬೇಡಿ.