ಕ್ಯಾಂಟನ್ ಟವರ್‌ನ ಸೊಂಟ ಅಷ್ಟು ಸಣ್ಣಗಿದ್ದೂ ಗಾಳಿಗೆ ಹೇಗೆ ನಿಂತಿದೆ?

ನೀವು ಕೇಳಿದ್ದು ಎರಡು. ಚೀನಾದ ಗುವಾಂಗ್‌ಝೌನ ಕ್ಯಾಂಟನ್ ಟವರ್ ನಡುವಲ್ಲಿ ಅಷ್ಟು ತೆಳ್ಳಗಿದ್ದೂ ಬಿರುಗಾಳಿಗೆ ಹೇಗೆ ತಡೆಯುತ್ತದೆ ಅನ್ನೋದು ಒಂದು. ಅಕ್ಟೋಬರ್‌ನಲ್ಲಿ ಅಲ್ಲಿನ ವ್ಯಾಪಾರ ಮೇಳ ಕ್ಯಾಂಟನ್ ಫೇರ್‌ಗೆ ಹೋದಾಗ ದುಡ್ಡು ಕೊಟ್ಟು ಮೇಲೆ ಹತ್ತಬೇಕಾ ಅನ್ನೋದು ಇನ್ನೊಂದು. ನಾನು ಪೀಣ್ಯದಲ್ಲಿ ಸ್ಟೀಲ್ ಫ್ಯಾಬ್ರಿಕೇಶನ್ ಮಾಡುವವನು. ಮೆಷಿನ್ ನೋಡಲು ಆ ಫೇರ್‌ಗೆ ಹೋದಾಗಲೆಲ್ಲ ಈ ಟವರ್ ಬುಡಕ್ಕೆ ಹೋಗಿ ನಿಲ್ಲದೆ ವಾಪಸ್ ಬಂದಿಲ್ಲ. ಹಾಗಾಗಿ ಮೊದಲನೆಯದಕ್ಕೇ ಜಾಸ್ತಿ ಬರೆಯುತ್ತೇನೆ.

ಫೋಟೋದಲ್ಲಿ ನೋಡಿದರೆ ಕಂಬಗಳನ್ನೆಲ್ಲ ಬಗ್ಗಿಸಿ, ತಿರುಚಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಆದರೆ ಹೊರಗಿನ 24 ಕಂಬಗಳಲ್ಲಿ ಒಂದೂ ಬಾಗಿಲ್ಲ. ಎಲ್ಲ ನೇರ, ಓರೆಯಾಗಿ ನಿಂತಿವೆ ಅಷ್ಟೆ. ಕೆಳಗೆ ದೊಡ್ಡದೊಂದು ಅಂಡಾಕಾರ, ಸುಮಾರು 450 ಮೀಟರ್ ಎತ್ತರದಲ್ಲಿ ಅದಕ್ಕಿಂತ ಚಿಕ್ಕದೊಂದು ಅಂಡಾಕಾರ. ಮೇಲಿನದನ್ನು 45 ಡಿಗ್ರಿ ತಿರುಗಿಸಿ ಇಟ್ಟಿದ್ದಾರೆ. ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಕಂಬ ಎಳೆದರೆ ನಡುವೆ ಸೊಂಟ ತಾನಾಗಿಯೇ ಮೂಡುತ್ತದೆ. ಬೆತ್ತದ ಸ್ಟೂಲ್ ನೋಡಿದ್ದೀರಲ್ಲ, ಓರೆ ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ನಡುವೆ ಸಣ್ಣಗೆ ಮಾಡಿರುತ್ತಾರೆ, ಎಂಥ ದಪ್ಪ ಮನುಷ್ಯ ಕೂತರೂ ಅದು ಜಗ್ಗಲ್ಲ. ಲೆಕ್ಕ ಅದೇ. ರಷ್ಯಾದ ಎಂಜಿನಿಯರ್ ವ್ಲಾದಿಮಿರ್ ಶುಖೋವ್ 1896ರಲ್ಲೇ ಇದೇ ತರಹ ಉಕ್ಕಿನ ಜಾಲರಿಯ ನೀರಿನ ಟವರ್ ಕಟ್ಟಿದ್ದರು, ಆಮೇಲೆ ಮಾಸ್ಕೋದಲ್ಲಿ ರೇಡಿಯೋ ಟವರ್ ಕೂಡ. ಕ್ಯಾಂಟನ್ ಟವರ್ ವಿನ್ಯಾಸ ಮಾಡಿದ ಮಾರ್ಕ್ ಹೆಮೆಲ್ ಮತ್ತು ಬಾರ್ಬರಾ ಕೌಟ್ ಆಮ್‌ಸ್ಟರ್‌ಡಾಂನವರು. ಸ್ಟ್ರಕ್ಚರಲ್ ಲೆಕ್ಕ ಅರೂಪ್ ಕಂಪನಿಯದು.

ಇನ್ನು ಗಾಳಿ. ಗಾಳಿ ತಳ್ಳಿದಾಗ ಟವರ್ ಬಾಗಲು ನೋಡುವುದು ಬುಡದಲ್ಲೇ ಜಾಸ್ತಿ, ಮೇಲೆ ಹೋದಷ್ಟೂ ಕಮ್ಮಿ. ಇಲ್ಲಿ ಬುಡ ಅಗಲವಾಗಿದೆ, ಸೊಂಟ ಬರುವುದು ಅರ್ಧಕ್ಕಿಂತ ಸ್ವಲ್ಪ ಮೇಲೆ. ಕಂಬಗಳು ಸುಮ್ನೆ ಟೊಳ್ಳು ಪೈಪ್‌ಗಳಲ್ಲ, ಒಳಗೆ ಕಾಂಕ್ರೀಟ್ ತುಂಬಿದ್ದಾರೆ. ಬುಡದಲ್ಲಿ ಒಂದೊಂದೂ 2 ಮೀಟರ್ ದಪ್ಪ, ತುದಿಗೆ 1.2 ಮೀಟರ್. ನಟ್ಟನಡುವೆ ಲಿಫ್ಟ್‌ಗಳಿರುವ ಕಾಂಕ್ರೀಟ್ ಗೂಡು ಇದೆ. ಹೊರಗಿನ ಕಂಬಗಳನ್ನು 46 ರಿಂಗ್‌ಗಳು ಮತ್ತು ಅಡ್ಡ ಓರೆ ಪೈಪ್‌ಗಳು ಹಿಡಿದಿವೆ. ಮಹಡಿಗಳೂ ಕೆಳಗಿಂದ ಮೇಲಿನವರೆಗೆ ಒಂದೇ ಸಮ ತುಂಬಿಲ್ಲ. ನಡುನಡುವೆ ಖಾಲಿ ಬಿಟ್ಟಿದ್ದಾರೆ, ಅಲ್ಲಿ ಗಾಳಿ ಜಾಲರಿಯೊಳಗಿಂದಲೇ ಹಾದು ಹೋಗುತ್ತದೆ.

ನನ್ನ ಕಸುಬಿನವರಿಗೆ ಮೈ ಜುಮ್ಮೆನ್ನುವ ವಿಷಯ ಬೇರೆ ಇದೆ. 24 ಕಂಬ, 46 ರಿಂಗ್ ಅಂದರೆ ಸೇರುವ ಜಾಗ 1,104. ಆಕಾರ ತಿರುಚಿಕೊಂಡು, ಸಣ್ಣಗಾಗುತ್ತಾ, ಒಂದು ಕಡೆಗೆ ವಾಲಿಕೊಂಡು ಹೋಗುವುದರಿಂದ ಒಂದು ಜಾಯಿಂಟಿನ ಕೋನ ಇನ್ನೊಂದಕ್ಕೆ ಬರಲ್ಲ. ಒಂದು ಜಿಗ್ (ಪೀಸ್ ಹಿಡಿದಿಡುವ ಚೌಕಟ್ಟು) ಮಾಡಿಕೊಂಡು ಅದರಲ್ಲೇ ನೂರು ಪೀಸ್ ತೆಗೆಯುವ ನಮ್ಮಂಥವರು ಅಲ್ಲಿ ನಿಂತು ತಲೆ ಎತ್ತಿ ನೋಡಿದರೆ, ಇದನ್ನು ಕತ್ತರಿಸಿ ವೆಲ್ಡ್ ಮಾಡಿ 450 ಮೀಟರ್ ಮೇಲಿನವರೆಗೆ ಸರಿಯಾಗಿ ಕೂರಿಸಿದ ಕೆಲಸಗಾರರ ಬಗ್ಗೆ ಗೌರವ ಬಿಟ್ಟು ಬೇರೇನೂ ಬರಲ್ಲ.

ಅಲುಗಾಟ ತಡೆಯಲು ಇನ್ನೊಂದು ಚಂದದ ಉಪಾಯ ಮಾಡಿದ್ದಾರೆ. ಬೆಂಕಿ ನಂದಿಸಲು ಮೇಲೆ ನೀರಿನ ಟ್ಯಾಂಕ್ ಹೇಗೂ ಬೇಕು. ತಲಾ ಸುಮಾರು 600 ಟನ್ನಿನ ಎರಡು ಟ್ಯಾಂಕ್‌ಗಳನ್ನು ಜರುಗುವ ಹಾಗೆ ಕೂರಿಸಿದ್ದಾರೆ. ಟವರ್ ಒಂದು ಕಡೆ ತೂಗಿದರೆ ಟ್ಯಾಂಕ್ ಹಿಂದೆ ಉಳಿದು ಆ ತೂಗಾಟವನ್ನು ಎಳೆದು ಹಿಡಿಯುತ್ತದೆ. ಅದರ ಮೇಲೆ ಮೋಟಾರಿನಿಂದ ಓಡುವ ಚಿಕ್ಕ ತೂಕಗಳೂ ಇವೆ. ಕಟ್ಟುವಾಗಲೇ ಮೈತುಂಬ ನೂರಾರು ಸೆನ್ಸರ್ ಹಾಕಿಸಿದ್ದರು, ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ಯೂನಿವರ್ಸಿಟಿಯವರು ಅದರ ಲೆಕ್ಕ ಇಟ್ಟಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಮಾಂಗ್‌ಖುಟ್ ಚಂಡಮಾರುತ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೇ ಬಂದು ಅಪ್ಪಳಿಸಿತ್ತು. ಟವರ್ ನಿಂತೇ ಇದೆ.

ಈಗ ಹತ್ತುವ ವಿಷಯ. ಒಟ್ಟು ಎತ್ತರ 600 ಮೀಟರ್, ಅದರಲ್ಲಿ ಮೇಲಿನ ಸುಮಾರು 150 ಮೀಟರ್ ಟಿವಿ, ರೇಡಿಯೋ ಪ್ರಸಾರದ ಆಂಟೆನಾ ಕಂಬ. 488 ಮೀಟರ್‌ನಲ್ಲಿ ಬಯಲಿಗೇ ತೆರೆದ ಅಟ್ಟಣಿಗೆ ಇದೆ. ಓರೆಯಾಗಿ ಕತ್ತರಿಸಿದಂತಿರುವ ಛಾವಣಿಯ ಅಂಚಿನಲ್ಲಿ ಜನ ಕೂರುವ 16 ಪಾರದರ್ಶಕ ಗೋಳಗಳು ನಿಧಾನಕ್ಕೆ ಸುತ್ತು ಹಾಕುತ್ತವೆ. ಮನೆಯವರನ್ನು ಕರೆದುಕೊಂಡು ಹೋಗುತ್ತಿದ್ದರೆ ಹತ್ತಿಸಿ, ಖುಷಿಪಡುತ್ತಾರೆ. ಒಬ್ಬರೇ ಹೋಗುತ್ತಿದ್ದು, ಟವರನ್ನೇ ನೋಡಬೇಕು ಅನ್ನುವುದಾದರೆ ಟಿಕೆಟ್ ದುಡ್ಡು ಉಳಿಸಿ ಅಂತಲೇ ನನ್ನ ಮಾತು. ಮೇಲೆ ಹೋದರೆ ಊರೆಲ್ಲ ಕಾಣುತ್ತದೆ, ಟವರ್ ಮಾತ್ರ ಕಾಣಲ್ಲ, ಅಲ್ವಾ?

ಹಗಲಲ್ಲಿ ಹೋಗಿ. ರಾತ್ರಿಯ ಬಣ್ಣದ ದೀಪ ಚಂದವೇ, ಆದರೆ ಕಂಬಗಳ ಓಟ ಗೊತ್ತಾಗಲ್ಲ. ಬುಡದಲ್ಲಿ ನಿಂತು ಒಂದೇ ಒಂದು ಕಂಬ ಆರಿಸಿಕೊಂಡು ಕಣ್ಣಲ್ಲೇ ಮೇಲಿನವರೆಗೆ ಹಿಂಬಾಲಿಸಿ, ಅದು ನೇರ ಅನ್ನೋದು ಆಗ ನಂಬಿಕೆ ಬರುತ್ತದೆ. ಆಮೇಲೆ ನದಿ ಆಚೆ ಹೈಶಿನ್‌ಶಾ ಕಡೆಗೆ ಹೋಗಿ ನೋಡಿ, 2010ರ ಏಷ್ಯನ್ ಗೇಮ್ಸ್ ಉದ್ಘಾಟನೆ ನಡೆದ ಜಾಗ ಅದು. ಟವರನ್ನು ತೆರೆದಿದ್ದೂ ಆ ಗೇಮ್ಸ್‌ಗೆ ಸ್ವಲ್ಪ ಮೊದಲೇ. ಹತ್ತಲೇಬೇಕು ಅಂದರೆ ಅಕ್ಟೋಬರ್ ಒಳ್ಳೆಯ ಸಮಯ. ಏಪ್ರಿಲ್ ಫೇರ್ ಹೊತ್ತಿಗೆ ಸೆಖೆ, ಮೋಡ ಜಾಸ್ತಿ, ತುದಿ ಮುಚ್ಚಿಹೋಗಿರುತ್ತದೆ. ಫೇರ್ ನಡೆಯುವ ಪಾಝೌನಿಂದ ಮೆಟ್ರೋ 8ನೇ ಲೈನ್ ಹಿಡಿದು ಕೆಚುನ್‌ನಲ್ಲಿ 3ನೇ ಲೈನಿಗೆ ಬದಲಾಯಿಸಿಕೊಳ್ಳಿ, ಮುಂದಿನ ಸ್ಟೇಷನ್ನೇ ಟವರ್.